ನಾರ್ಬರ್ ಗುಡ್ಡದ ಹಿಮನದಿ ಬಂಡೆಗಳು: ನೋಡಹೊರಟವರಿಗೆ ಒಂದಿಷ್ಟು ಮಾಹಿತಿ

ಹಿಮನದಿಗಳು ಹೊತ್ತು ತಂದು ಬಿಟ್ಟುಹೋದ ಬಂಡೆಗಳು ಜಗತ್ತಿನ ಹಲವೆಡೆ ಇವೆ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಓಕೋಟೋಕ್ಸ್ ಬಂಡೆಯೊಂದೇ ಸುಮಾರು 16,500 ಟನ್ ತೂಗುತ್ತದೆ. ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದಲ್ಲಿರುವ ನಾರ್ಬರ್ ಗುಡ್ಡದ ಬಂಡೆಗಳು ಗಾತ್ರದಲ್ಲಿ ಅದಕ್ಕೆ ಸಾಟಿಯಲ್ಲ. ಆದರೂ ಇಂಥ ಬಂಡೆಗಳನ್ನು ಮೊದಲ ಬಾರಿಗೆ ನೋಡಬಯಸುವವರಿಗೆ ನಾನು ನಾರ್ಬರನ್ನೇ ಸೂಚಿಸುತ್ತೇನೆ. ಬಂಡೆ ಹೊರಟ ಕಣಿವೆ, ಅದು ಬಂದು ನಿಂತ ನೆಲ, ನಿಂತ ಮೇಲೆ ಸರಿದ ಕಾಲದ ಗುರುತು, ಈ ಮೂರನ್ನೂ ಅರ್ಧ ದಿನದ ನಡಿಗೆಯಲ್ಲಿ ಕಾಣಲು ಇಲ್ಲಿ ಸಾಧ್ಯವಿದೆ.

ನಾರ್ಬರ್‌ಗೆ ತೀರ ಹತ್ತಿರದ ಹಳ್ಳಿ ಆಸ್ಟ್ವಿಕ್. ರೈಲಿನಲ್ಲಿ ಬರುವವರು ಲೀಡ್ಸ್–ಮೋರ್ಕಮ್ ಮಾರ್ಗದ ಕ್ಲ್ಯಾಪಮ್ ನಿಲ್ದಾಣದಲ್ಲಿ ಇಳಿಯಬೇಕು. ಈ ಮಾರ್ಗದಲ್ಲಿ ದಿನಕ್ಕೆ ಕೆಲವೇ ರೈಲುಗಳು ಓಡುವುದರಿಂದ ಮರಳುವ ರೈಲಿನ ಸಮಯವನ್ನು ಮೊದಲೇ ನೋಡಿಟ್ಟುಕೊಂಡು, ಅದಕ್ಕೆ ತಕ್ಕಂತೆ ನಡಿಗೆಯನ್ನು ಯೋಜಿಸುವುದು ಒಳ್ಳೆಯದು. ನಿಲ್ದಾಣದಿಂದ ಕ್ಲ್ಯಾಪಮ್ ಹಳ್ಳಿಗೆ ಒಂದು ಮೈಲಿಗಿಂತ ತುಸು ಹೆಚ್ಚು ದೂರವಿದೆ. ಅಲ್ಲಿನ ಚರ್ಚಿನ ಬಳಿಯಿಂದ ಎರಡು ಸುರಂಗಗಳನ್ನು ಹಾದು ಏರುವ ದಾರಿ ಥ್ವೇಟ್ ಲೇನ್ ಎಂಬ, ಎರಡೂ ಬದಿಯಲ್ಲಿ ಕಲ್ಲುಗೋಡೆಗಳಿರುವ ಹಳೆಯ ಹಾದಿಯನ್ನು ಸೇರುತ್ತದೆ. ಅದರಲ್ಲಿ ಪೂರ್ವಕ್ಕೆ ಸಾಗಿ, ಎಡಕ್ಕೆ ಹೊಲಗಳ ಮೂಲಕ ಗುಡ್ಡವನ್ನು ಏರಬೇಕು.

ನೇರವಾಗಿ ಬಂಡೆಗಳತ್ತ ಹೋಗದೆ, ಪಕ್ಕದ ನಾಪಾ ಸ್ಕಾರ್ ಎಂಬ ಕಡಿದಾದ ಬಂಡೆಸಾಲನ್ನು ಮೊದಲು ನೋಡಿ ಎಂಬುದು ನನ್ನ ಮುಖ್ಯ ಸಲಹೆ. ಅಲ್ಲಿ ಪುರಾತನ ಶಿಲಾಪದರಗಳು ಕೆಳಗೂ, ಅವುಗಳಿಗಿಂತ ಬಹಳ ಈಚಿನ ಸುಣ್ಣಕಲ್ಲು ಮೇಲೂ ಇದ್ದು, ಎರಡೂ ಕೂಡುವ ರೇಖೆ ಸ್ಪಷ್ಟವಾಗಿ ಕಾಣುತ್ತದೆ. ಭೂಮಿಯಲ್ಲಿ ಇರಬೇಕಾದ ಕ್ರಮವೇ ಅದು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಲೇರಿದರೆ ಕ್ರಮ ತಲೆಕೆಳಗಾಗಿರುತ್ತದೆ: ಸುಮಾರು 43 ಕೋಟಿ ವರ್ಷ ಹಳೆಯ, ಗ್ರೇವ್ಯಾಕ್ ಎಂಬ ಗಡುಸಾದ ಕಪ್ಪು ಮರಳುಗಲ್ಲಿನ ಬಂಡೆಗಳು, ತಮಗಿಂತ ಹತ್ತು ಕೋಟಿ ವರ್ಷ ಕಿರಿಯ ಬಿಳಿ ಸುಣ್ಣಕಲ್ಲಿನ ಮೇಲೆ ಕುಳಿತಿವೆ. ಪಕ್ಕದ ಕ್ರಮಕ್‌ಡೇಲ್ ಕಣಿವೆಯ ತಳದಿಂದ ಅವುಗಳನ್ನು ಕಿತ್ತು, ಎತ್ತರಕ್ಕೆ ತಳ್ಳಿಕೊಂಡು ಬಂದದ್ದು ಹಿಮನದಿ. ನೀರು ಇಷ್ಟು ಭಾರವನ್ನು ಗುಡ್ಡದ ಮೇಲಕ್ಕೆ ಏರಿಸಲಾರದು. 1840ರಲ್ಲಿ ಸ್ವಿಸ್ ವಿಜ್ಞಾನಿ ಲೂಯಿ ಅಗಾಸಿಸ್ ಬ್ರಿಟನ್ನಿಗೆ ಬಂದು ಹಿಮಯುಗದ ವಾದವನ್ನು ಮಂಡಿಸುವವರೆಗೆ ಇಂಥ ಬಂಡೆಗಳನ್ನು ಮಹಾಪ್ರವಾಹ ತಂದಿತೆಂದು ನಂಬಿದವರು ಬಹಳ ಮಂದಿ ಇದ್ದರು.

ಬಂಡೆಗಿಂತ ಹೆಚ್ಚಾಗಿ ಅದರ ಅಡಿಯನ್ನು ನೋಡಬೇಕು, ಬೇಕಾದರೆ ಮೊಣಕಾಲೂರಿ ನೋಡಬೇಕು. ಹಲವು ಬಂಡೆಗಳು ಸುಣ್ಣಕಲ್ಲಿನ ಗಿಡ್ಡ ಪೀಠಗಳ ಮೇಲೆ ನಿಂತಿವೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡ ಮಳೆನೀರು ಸೌಮ್ಯ ಆಮ್ಲವಾಗಿ ಸುತ್ತಲಿನ ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸಿದೆ. ಬಂಡೆ ಕೊಡೆಯಂತೆ ಮರೆಮಾಡಿದ ಭಾಗ ಮಾತ್ರ ಹಳೆಯ ಮಟ್ಟದಲ್ಲೇ ಉಳಿದಿದೆ. ಬಯಲಿಗೆ ಒಡ್ಡಿಕೊಂಡ ಕಲ್ಲಿನಲ್ಲಿ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಿಂದ ಹುಟ್ಟುವ ವಿರಳ ಪರಮಾಣುಗಳನ್ನು ಅಳೆದು, ಈ ಬಂಡೆಗಳು ಇಲ್ಲಿಗೆ ಬಂದು ಸುಮಾರು 18,000 ವರ್ಷಗಳಾದವೆಂದು ಲೆಕ್ಕ ಹಾಕಲಾಗಿದೆ. ಇಷ್ಟು ಕಾಲದಲ್ಲಿ ನೆಲ ತಗ್ಗಿದ್ದು ಎಷ್ಟು ಅಲ್ಪ ಎಂಬುದನ್ನು ಆ ಪೀಠದ ಪಕ್ಕ ಅಂಗೈ ಇಟ್ಟು ತಿಳಿಯುವ ಅನುಭವಕ್ಕಾಗಿಯೇ ಇಷ್ಟು ದೂರ ಬರಬಹುದು ಎಂದು ನನಗೆ ಅನ್ನಿಸಿತು. ದಯವಿಟ್ಟು ಬಂಡೆಗಳ ಮೇಲೆ ಹತ್ತಬೇಡಿ. ಕೆಲವು ಪೀಠಗಳು ಬಹಳ ಸಣ್ಣವು, ಒಮ್ಮೆ ಮುರಿದರೆ ಮತ್ತೆ ಮೂಡುವಂಥವಲ್ಲ.

ಸುಣ್ಣಕಲ್ಲಿನ ಹಾಸಿನಲ್ಲಿ ಆಳವಾದ ಸೀಳುಗಳಿವೆ, ಮಳೆ ಬಿದ್ದಾಗ ಕಲ್ಲು ವಿಪರೀತ ಜಾರುತ್ತದೆ. ಕಣಕಾಲನ್ನು ಆವರಿಸುವ, ಹಿಡಿತವಿರುವ ಬೂಟುಗಳು ಅಗತ್ಯ. ಮೇಲೆ ನೀರಾಗಲಿ, ಶೌಚಾಲಯವಾಗಲಿ, ಮಳೆಗೆ ಆಸರೆಯಾಗಲಿ ಇಲ್ಲ. ಮಂಜು ಕವಿದರೆ ದಾರಿ ತಪ್ಪುವುದು ಸುಲಭವಾದ್ದರಿಂದ ಫೋನನ್ನೇ ನಂಬದೆ, ಬ್ರಿಟನ್ನಿನ ನಕ್ಷೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೇಯ ಓಎಲ್2 ನಕ್ಷೆಯನ್ನು ಜೊತೆಗಿಟ್ಟುಕೊಳ್ಳಿ. ಸುತ್ತಲೂ ಕುರಿಗಳು ಮೇಯುತ್ತವೆ. ನೀವು ತೆರೆದ ಗೇಟುಗಳನ್ನು ಮುಚ್ಚಿ ಮುಂದೆ ಸಾಗಿ, ಗೋಡೆಗಳನ್ನು ಮೆಟ್ಟಿಲಿರುವಲ್ಲಿ ಮಾತ್ರ ದಾಟಿ.

723 ಮೀಟರ್ ಎತ್ತರದ ಇಂಗ್ಲ್‌ಬರೋ ಶಿಖರವನ್ನೂ ಅದೇ ದಿನ ಏರಲು ಹಲವರು ಆಸೆಪಡುತ್ತಾರೆ. ಹಾಗೆ ಮಾಡಿದರೆ ಬಂಡೆಗಳಿಗೆ ಸಿಗುವುದು ಅವಸರದ ನೋಟ ಮಾತ್ರ. ಶಿಖರಕ್ಕೆ ಬೇರೆ ದಿನವನ್ನೇ ಇಟ್ಟುಕೊಳ್ಳಿ.