ಒಂದೇ ಬಾಟಲಿ, ನಾಲ್ಕು ಮೊಸ್ಟ್

ವಿಯೆನ್ನಾದಲ್ಲಿ ಈಗ ಮೊಸ್ಟ್ ಕಾಲ. ಸೇಬು, ಪಿಯರ್ ಹಣ್ಣುಗಳನ್ನು ಹಿಂಡಿ ತೆಗೆದ ರಸಕ್ಕೆ ಇಲ್ಲಿನವರು ಇಟ್ಟ ಹೆಸರು ಅದು. ಹುದುಗು ಬಂದರೆ ದೊಡ್ಡವರ ಪಾನೀಯ, ಬರದಿದ್ದರೆ ಮಕ್ಕಳಿಗೆ. ಕೆಳ ಆಸ್ಟ್ರಿಯಾದಲ್ಲಿ ಒಂದು ಸೀಮೆಗೇ ಮೊಸ್ಟ್‌ಫಿಯರ್ಟೆಲ್ ಎಂದು ಹೆಸರು. ಏಪ್ರಿಲ್‌ನಲ್ಲಿ ಅಲ್ಲಿ ರೈಲಿನಲ್ಲಿ ಹೋದರೆ ಪಿಯರ್ ಮರಗಳು ಮೈತುಂಬಾ ಬಿಳಿ ಹೂ ಬಿಟ್ಟು ನಿಂತಿರುತ್ತವೆ.

ಮೊನ್ನೆ ಶನಿವಾರದ ಸಂತೆಯಲ್ಲಿ ರೈತರೊಬ್ಬರಿಂದ ಒಂದು ಬಾಟಲಿ ಪಿಯರ್ ಮೊಸ್ಟ್ ತಂದಿದ್ದೆ, ಹುದುಗು ಬರದ ಸಿಹಿಯದು. ಮೇಲಿನ ಚೀಟಿಯಲ್ಲಿ ಕೈಬರಹದಲ್ಲಿ ಬರೀ ನಾಲ್ಕು ಅಕ್ಷರ, ಎಂ ಓ ಎಸ್ ಟಿ. ಅಂಗಳದ ಮೇಜಿನ ಮೇಲೆ ಇಟ್ಟೆ. ಎರಡನೇ ಮಹಡಿಯ ಹುಡುಗ ಅದನ್ನು ನೋಡಿದ. ಹಂಗೇರಿಯಿಂದ ಬಂದವನು, ಈ ವರ್ಷವಷ್ಟೇ ನನ್ನ ಮಗಳ ಕ್ಲಾಸಿಗೆ ಸೇರಿದ್ದಾನೆ, ಜರ್ಮನ್ ಇನ್ನೂ ಕಲಿಯುತ್ತಿದ್ದಾನೆ. "ಮೊಶ್ತ್" ಎಂದು ಗಟ್ಟಿಯಾಗಿ ಓದಿ, ನನ್ನ ಮುಖ ನೋಡಿ, "ಈಗ? ಈಗ ಏನು?" ಅಂತ ಕೇಳಿದ.

ಅವನ ಭಾಷೆಯಲ್ಲಿ ಆ ನಾಲ್ಕು ಅಕ್ಷರಕ್ಕೆ ಅರ್ಥ 'ಈಗ'. ಹಂಗೇರಿಯನ್ನರು ಎಸ್ ಅಕ್ಷರವನ್ನು ಶ ಎಂದೇ ಓದುತ್ತಾರೆ. ಅವರ ರಾಜಧಾನಿಯೂ ಅವರ ಬಾಯಲ್ಲಿ ಬುದಾಪೆಶ್ತ್. ಅಷ್ಟರಲ್ಲಿ ಬೆಂಚಿನ ಮೇಲೆ ಕೂತಿದ್ದ ನೆಲಮಹಡಿಯ ಓಮಾ, "ಸರಿಯಾಗೇ ಓದಿದ್ದಾನಲ್ಲ, ಮೊಶ್ತ್ ತಾನೇ ಅದು" ಅಂದರು. ನಮ್ಮ ಬಿಲ್ಡಿಂಗಿನ ಮಕ್ಕಳೆಲ್ಲ ಅವರನ್ನು ಕರೆಯುವುದು ಓಮಾ ಎಂದೇ, ಅಂದರೆ ಅಜ್ಜಿ. ಅವರು ಬೋಸ್ನಿಯಾದವರು. ಅವರ ಭಾಷೆಯಲ್ಲಿ ಹಣ್ಣಿನ ರಸ ಮೊಶ್ತ್. ಬರೆಯುವಾಗ ಎಸ್ ನೆತ್ತಿಯ ಮೇಲೆ ಒಂದು ಸಣ್ಣ ಕೊಕ್ಕೆ ಬೀಳುತ್ತದೆ. ಮೇಜಿನ ಮೇಲೆ ಬೆರಳಲ್ಲೇ ಬರೆದು ತೋರಿಸಿದರು. ಆಮೇಲೆ ಕೊಕ್ಕೆಯನ್ನು ಒರೆಸುವ ಹಾಗೆ ಬೆರಳಾಡಿಸಿ, "ಇದನ್ನು ತೆಗೆದರೆ ಮೋಸ್ತ್. ಸೇತುವೆ" ಅಂದರು. ಮಗಳು ಸುಮ್ನೆ ಇರುತ್ತಾಳಾ, ಇಂಗ್ಲಿಷಿನಲ್ಲಿ ಅದು 'ಎಲ್ಲಕ್ಕಿಂತ ಜಾಸ್ತಿ' ಅಂತ ತನ್ನದೂ ಸೇರಿಸಿದಳು.

ಆ ರಾತ್ರಿ ಮಗಳ ಜೊತೆ ಕೂತು ನಿಘಂಟುಗಳನ್ನು ತಿರುವಿ ಹಾಕಿದೆ. ಜರ್ಮನ್ನಿನ ಮೊಸ್ಟ್ ಲ್ಯಾಟಿನ್ನಿನ ಮುಸ್ಟುಮ್‌ನಿಂದ ಬಂದದ್ದು, ಆಗಷ್ಟೇ ಹಿಂಡಿದ ಹೊಸ ದ್ರಾಕ್ಷಿ ರಸ ಎಂದು ಅದರ ಅರ್ಥ. ಓಮಾ ಹೇಳಿದ ಮೊಶ್ತ್ ಕೂಡ ಅದೇ ಬುಡದ್ದು. ಇಂಗ್ಲಿಷಿನ ಮಸ್ಟರ್ಡ್ ಎಂಬ ಹೆಸರೂ ಅಲ್ಲಿಂದಲೇ ಹುಟ್ಟಿದೆ, ಹಿಂದೆ ಸಾಸಿವೆ ಪುಡಿಯನ್ನು ಆ ರಸದಲ್ಲಿ ಕಲಸುತ್ತಿದ್ದರಂತೆ. ಇಂಗ್ಲಿಷಿನ ಮೋಸ್ಟ್‌ಗೆ ಇದ್ಯಾವುದರ ಸಂಬಂಧವೂ ಇಲ್ಲ, ಅದು ಜರ್ಮನ್ನಿನ ಮೈಸ್ಟ್‌ನ ದಾಯಾದಿ. ಸೇತುವೆಯ ಮೋಸ್ತ್ ಸ್ಲಾವ್ ಭಾಷೆಗಳದ್ದು, ಪ್ರಾಗ್‌ನಿಂದ ಮಾಸ್ಕೋವರೆಗೂ ನಡೆಯುವ ಮಾತು. ಹಂಗೇರಿಯನ್ನಿನದಂತೂ ಬೇರೆಯೇ ಕುಲ. ಸುತ್ತ ಜರ್ಮನ್, ಸ್ಲೊವಾಕ್, ರೊಮೇನಿಯನ್ ಎಲ್ಲ ಇದ್ದರೂ ಅದರ ನೆಂಟರು ದೂರದ ಫಿನ್ಲೆಂಡ್, ಎಸ್ಟೋನಿಯಾ ಕಡೆ ಇದ್ದಾರೆ. ಕಾಗದದ ಮೇಲೆ ಒಂದೇ ಥರ ಕಾಣುವ ನಾಲ್ಕು ಪದ, ನಾಲ್ಕೂ ಬೇರೆ ಬೇರೆ ಮನೆಯವು.

ಆದರೆ ನನ್ನನ್ನು ಇಷ್ಟು ದಿನ ಕಾಡುತ್ತಿರುವುದು ನಿಘಂಟಿನ ಮಾತಲ್ಲ. ಓಮಾ ಸೇತುವೆ ಎಂದ ಮೇಲೆ ಅಲ್ಲಿಗೇ ನಿಲ್ಲಿಸಲಿಲ್ಲ. ಅವರ ಊರು ಮೋಸ್ತಾರ್ ಹತ್ತಿರ. ಸೇತುವೆ ಕಾಯುವವರಿಂದಲೇ ಊರಿಗೆ ಆ ಹೆಸರು ಬಂತು. ನೆರೆತ್ವಾ ನದಿಯ ಹಸಿರು ನೀರಿನ ಮೇಲೆ ಒಂದೇ ಕಮಾನಿನ ಕಲ್ಲಿನ ಸೇತುವೆ, ಒಟ್ಟೋಮನ್ನರ ಕಾಲದ್ದು, 1566ರಲ್ಲಿ ಕಟ್ಟಿ ಮುಗಿಸಿದ್ದು. 1993ರ ನವೆಂಬರ್ 9ರಂದು ಬೋಸ್ನಿಯಾದ ಕ್ರೊಯೇಟ್ ಪಡೆಗಳ ಶೆಲ್‌ಗಳಿಗೆ ಸಿಕ್ಕಿ ನದಿಗೆ ಕುಸಿಯಿತು. ಆ ಯುದ್ಧದಲ್ಲಿ ಸುಮಾರು 90,000 ಬೋಸ್ನಿಯನ್ನರು ಆಸ್ಟ್ರಿಯಾಕ್ಕೆ ಓಡಿ ಬಂದರು. ಓಮಾ ಅವರಲ್ಲಿ ಒಬ್ಬರು. ಸೇತುವೆ ಬಿದ್ದದ್ದನ್ನು ಅವರು ಇಲ್ಲಿ ಟಿವಿಯಲ್ಲಿ ನೋಡಿದರಂತೆ. "ಮೋಸ್ತ್ ಬಿತ್ತು ಅಂತ ಫೋನ್ ಬಂತು. ಯಾವ ಮೋಸ್ತ್ ಅಂತ ನಮ್ಮಲ್ಲಿ ಯಾರೂ ಕೇಳಲಿಲ್ಲ" ಅಂದರು.

ಹೊಡೆದವರೂ ಅದನ್ನು ಮೋಸ್ತ್ ಅಂತಲೇ ಕರೆಯುತ್ತಿದ್ದರು, ಅತ್ತವರೂ ಹಾಗೇ ಕರೆಯುತ್ತಿದ್ದರು. ಇಬ್ಬರ ಮಾತೂ ಇಬ್ಬರಿಗೂ ಪೂರ್ತಿ ಅರ್ಥವಾಗುತ್ತಿತ್ತು. ಇದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಮೇಲೆ ಅವರು ಆ ಹುಡುಗನ ತಲೆ ಸವರಿ ಒಂದು ಮಾತು ಹೇಳಿದರು. "ನೀರಿಗೆ ಬಿದ್ದ ನಮ್ಮ ಮೋಸ್ತ್‌ನ ಕಲ್ಲುಗಳನ್ನು ಮೇಲೆ ಎತ್ತಿದವರು ನಿಮ್ಮವರು ಮಗಾ." ಅದು ನಿಜ. ಹಂಗೇರಿ ಸೇನೆಯ ಮುಳುಗುಗಾರರೇ ನದಿಯ ತಳಕ್ಕಿಳಿದು ಆ ಕಲ್ಲುಗಳನ್ನು ತೆಗೆದದ್ದು. ಊರಿನ ಅದೇ ಬಗೆಯ ಕಲ್ಲನ್ನು ಹೊಸದಾಗಿ ಕಡಿದು, ಹಳೆಯ ಮಾದರಿಯಲ್ಲೇ ಕಟ್ಟಿ, 2004ರ ಜುಲೈಯಲ್ಲಿ ಸೇತುವೆಯನ್ನು ಮತ್ತೆ ತೆರೆದರು. ಹುಡುಗನಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಲೋಟ ಮುಂದೆ ಚಾಚಿ ಇನ್ನೊಂದು ಸಲ ಮೊಶ್ತ್ ಅಂದ. ಈಗ ಅಂದನೋ, ರಸ ಅಂದನೋ, ಓಮಾ ಮಾತ್ರ ತುಂಬಿಸಿಯೇ ಕೊಟ್ಟರು.

ನನಗೆ ನಮ್ಮ ಪುತ್ತೂರಿನ ಮನೆ ನೆನಪಾಯಿತು. ನಮ್ಮ ಮನೆಮಾತು ತುಳು, ತುಳುವಿನಲ್ಲಿ ಪೇರ್ ಎಂದರೆ ಹಾಲು. ಬೇಲಿಯಾಚೆ ಬಾಯಮ್ಮನ ಮನೆ, ಅವರದ್ದು ಕೊಂಕಣಿ, ಅಲ್ಲಿ ಪೇರ್ ಎಂದರೆ ಪೇರಳೆ ಹಣ್ಣು. ಶಾಲೆಯ ಗೋಡೆಯ ಚಾರ್ಟಿನಲ್ಲಿ ಇಂಗ್ಲಿಷಿನ ಪೇರ್, ನಮ್ಮಲ್ಲಿ ಒಬ್ಬರೂ ತಿಂದು ನೋಡಿರದ ಹಣ್ಣು. ಅದೇ ಹಣ್ಣಿನ ರಸ ಈಗ ನನ್ನ ಮೇಜಿನ ಮೇಲಿದೆ ನೋಡಿ! ಬಾಯಮ್ಮ ಬೇಲಿ ಹತ್ತಿರ ನಿಂತು "ಪೇರ್ ಬೇಕಾ ಮಗಾ" ಅಂದರೆ ಲೋಟ ಹಿಡಿದು ಓಡಬೇಕಾಗಿಲ್ಲ, ಲಂಗ ಒಡ್ಡಿದರೆ ಸಾಕು ಎಂದು ನಮಗೆ ಯಾರೂ ಪಾಠ ಮಾಡಿರಲಿಲ್ಲ. ಯಾರ ಬಾಯಿಂದ ಬಂತು ಎನ್ನುವುದರ ಮೇಲೆ ತಾನಾಗಿ ತಿಳಿಯುತ್ತಿತ್ತು. ಅವರ ಮರದ್ದು ಒಳಗೆ ಕೆಂಪಿನ ಜಾತಿ. ಉಪ್ಪು, ಮೆಣಸಿನ ಪುಡಿ ಹಾಕಿ ಕೊಡುತ್ತಿದ್ದರು.

ಈ ಪೇರ್‌ನ ಕತೆ ಇನ್ನೂ ಚೆಂದ. ತುಳುವಿನ ಪೇರ್, ಕನ್ನಡದ ಹಾಲು, ತಮಿಳಿನ ಪಾಲ್ ಮೂರೂ ಒಂದೇ ಬೇರಿನವು, ಕಿವಿಗೆ ಮಾತ್ರ ಒಂದರ ಹಾಗೆ ಒಂದಿಲ್ಲ. ಕೊಂಕಣಿಯ ಪೇರ್ ಬಂದದ್ದು ಪೋರ್ಚುಗೀಸರ ಪೇರಾದಿಂದ, ಅವರು ತಮ್ಮ ಪಿಯರ್ ಹಣ್ಣಿಗೆ ಇಟ್ಟ ಹೆಸರು ನಮ್ಮ ಕರಾವಳಿಯಲ್ಲಿ ಪೇರಳೆಗೆ ಅಂಟಿಕೊಂಡಿತು. ಹಾಗಾಗಿ ಬಾಯಮ್ಮನ ಪೇರ್ ಮತ್ತು ಚಾರ್ಟಿನ ಪೇರ್ ನಿಜವಾಗಿಯೂ ನೆಂಟರು. ನಮ್ಮ ಮನೆಯ ತುಳು ಪೇರ್ ಮಾತ್ರ ಅವೆರಡಕ್ಕೂ ಏನೂ ಆಗಬೇಕಾಗಿಲ್ಲ.

ಇದನ್ನೆಲ್ಲ ಬರೆಯಲು ಇನ್ನೊಂದು ಕಾರಣವೂ ಇದೆ. ನಮ್ಮ ಫ್ಯಾಮಿಲಿ ಗ್ರೂಪಿಗೆ ದೊಡ್ಡಪ್ಪ ಆಗಾಗ ಒಂದು ಫಾರ್ವರ್ಡ್ ಹಾಕುತ್ತಾರೆ. ಯುರೋಪಿನ ಪದಗಳೆಲ್ಲ ನಮ್ಮಿಂದಲೇ ಹೋದವು ಎಂದು ಉದ್ದದ ಪಟ್ಟಿ, ಸದ್ದು ಒಂದೇ ಥರ ಇದೆ ಎನ್ನುವುದೇ ಸಾಕ್ಷಿ. ಬದ್ಮಾಶ್‌ನಲ್ಲಿರುವ ಪಾರ್ಸಿಯ ಬದ್ ಮತ್ತು ಇಂಗ್ಲಿಷಿನ ಬ್ಯಾಡ್ ಎರಡಕ್ಕೂ ಸದ್ದು ಹೆಚ್ಚುಕಮ್ಮಿ ಒಂದೇ, ಅರ್ಥವೂ ಒಂದೇ, ಆದರೂ ಒಂದಕ್ಕೊಂದು ಸಂಬಂಧವಿಲ್ಲ ಎಂದು ಬಲ್ಲವರು ಎಂದೋ ತೋರಿಸಿದ್ದಾರೆ. ದೊಡ್ಡಪ್ಪನ ಅಭಿಮಾನ ನನಗೂ ಇದೆ. ಆದರೆ ಸದ್ದಿನ ಮೇಲೆ ಕಟ್ಟಿದ ಪಟ್ಟಿಗಿಂತ ನಮ್ಮ ಬೇಲಿಯ ಎರಡು ಬದಿಯ ಪೇರ್ ಎಷ್ಟೋ ದೊಡ್ಡ ಆಸ್ತಿ. ನನಗೆ ನೋವಾಗುವುದು ಇಲ್ಲಿ: ಬೆಂಗಳೂರಿನಲ್ಲಿರುವ ನನ್ನ ಕಸಿನ್ ಮಕ್ಕಳಿಗೆ ತುಳುವಿನ ಪೇರ್ ಗೊತ್ತಿಲ್ಲ, ಮನೆಯಲ್ಲೂ ಮಿಲ್ಕ್. ಮಕ್ಕಳ ತಲೆಗೆ ಗೊಂದಲ ಆಗುತ್ತದಂತೆ. ಮೂರು ಪೇರ್ ಇಟ್ಟುಕೊಂಡು ಬೆಳೆದ ನಾವು ಯಾರು ಗೊಂದಲವಾಗಿ ಹೋದೆವು, ಹೇಳಿ?

ಗ್ರೂಪಿನಲ್ಲಿ ಇದನ್ನೇ ಬರೆದೆ. ದೊಡ್ಡಪ್ಪ ಇನ್ನೂ ಉತ್ತರ ಕೊಟ್ಟಿಲ್ಲ. ಅತ್ತೆ ಮಾತ್ರ ಫೋನ್ ಮಾಡಿ, ಭಾನುವಾರ ಎಲ್ಲ ಮಕ್ಕಳನ್ನೂ ವಿಡಿಯೋ ಕಾಲ್‌ಗೆ ಕೂರಿಸು, ನಾನು ತುಳುವಿನಲ್ಲೇ ಮಾತಾಡುತ್ತೇನೆ, ಅಡುಗೆಮನೆಯ ಸಾಮಾನಿನಿಂದ ಶುರು ಮಾಡೋಣ ಎಂದಿದ್ದಾರೆ. ಬೆಂಗಳೂರಿನವರಿಗೂ ಹೇಳಿದ್ದೇನೆ. ಒಬ್ಬಳು ಬರುತ್ತೇನೆ ಎಂದಿದ್ದಾಳೆ.