ಎಷ್ಟು ತಾಸಿನ ಹಾದಿ? ಟಿಕೆಟ್ ಕೌಂಟರಿನ ಲೆಕ್ಕ

"ಮಗಳ ಊರಿಗೆ ಎಷ್ಟ್ ತಾಸ್ ಆಗ್ತದ್ರೀ?" ಹುಬ್ಬಳ್ಳಿಯ ನಮ್ಮ ವಿಮಾನ ಟಿಕೆಟ್ ಕೌಂಟರಿನಲ್ಲಿ ಇದನ್ನು ಕೇಳುವವರು ಹೆಚ್ಚಾಗಿ ವಿದೇಶದಲ್ಲಿರುವ ಮಕ್ಕಳ ಬಳಿ ಹೊರಟ, ಅರವತ್ತು ದಾಟಿದ ತಂದೆ-ತಾಯಿ. ಕೌಂಟರಿನಲ್ಲಿ ಕೂತವರು ಟಿಕೆಟ್ ಮೇಲೆ ಕಣ್ಣಾಡಿಸಿ ಬಾಯಿಗೆ ಬಂದ ತಾಸು ಹೇಳಿಬಿಡಬಾರದು.

ಟಿಕೆಟ್ಟಿನಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರದ ಸಮಯ. ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ದಿನ ಸಂಜೆ 5ಕ್ಕೆ ಇಳಿಯುತ್ತದೆ ಎಂದುಕೊಳ್ಳಿ. ಬರೀ ಕಳೆದರೆ ಮೂರೇ ತಾಸು! ಚಳಿಗಾಲದಲ್ಲಿ ಆ ಊರು ನಮಗಿಂತ 13 ತಾಸು 30 ನಿಮಿಷ ಹಿಂದೆ. ಇಲ್ಲಿ ಮಧ್ಯಾಹ್ನ 2 ಆದಾಗ ಅಲ್ಲಿ ಮಧ್ಯರಾತ್ರಿ ಕಳೆದು 12:30. ಅಲ್ಲಿಂದ ಸಂಜೆ 5ರವರೆಗೆ ಎಣಿಸಿದರೆ ಹದಿನಾರೂವರೆ ತಾಸು. ಮಾರ್ಚ್ ಎರಡನೇ ರವಿವಾರದಿಂದ ನವೆಂಬರ್ ಮೊದಲ ರವಿವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಡುವುದರಿಂದ ಅಂತರ 12 ತಾಸು 30 ನಿಮಿಷಕ್ಕೆ ಇಳಿಯುತ್ತದೆ. ಲಂಡನ್ನಿನವರು ಗಡಿಯಾರ ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ರವಿವಾರ. ಹೀಗಾಗಿ ಮಾರ್ಚ್, ಅಕ್ಟೋಬರ್, ನವೆಂಬರ್ ತಿಂಗಳ ಟಿಕೆಟ್ಟುಗಳನ್ನು ಎರಡೆರಡು ಸಲ ಎಣಿಸಬೇಕು.

ಎಣಿಸಿದ್ದು ಸರಿಯೋ ಎಂದು ತಾಳೆ ನೋಡಲು ದೂರ ಬೇಕು. ಕಿಲೋಮೀಟರನ್ನು 850ರಿಂದ ಭಾಗಿಸಿ ಅರ್ಧ ತಾಸು ಕೂಡಿಸಿ. ಬೆಂಗಳೂರು-ಲಂಡನ್ ಸುಮಾರು 8,000: ಹತ್ತು ತಾಸು. ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000: ಹದಿನೇಳು. ಒಂದು ತಾಸು ಆಚೀಚೆ ಆದರೆ ಗಾಬರಿ ಬೇಡ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೋರು ಗಾಳಿ ಲಂಡನ್ನಿಗೆ ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನಿಗಿರುತ್ತದೆ. ದೂರವನ್ನು ಗೋಡೆಯ ನಕ್ಷೆಯ ಮೇಲೆ ಪಟ್ಟಿ ಇಟ್ಟು ಅಳೆಯಬೇಡಿ. ಭೂಗೋಳದ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಬಿಗಿಹಿಡಿದು ನೋಡಿ, ಅದು ಉತ್ತರ ಧ್ರುವದ ಕಡೆ ಸರಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದದ್ದು ಧ್ರುವದ ಮೇಲಿಂದಲೇ.

ತಾಸಿಗಿಂತ ಹೆಚ್ಚು ಎಡವಿಸುವುದು ತಾರೀಖು. 15ರ ರಾತ್ರಿ 12:40ರ ವಿಮಾನವೆಂದರೆ 14ರ ರಾತ್ರಿಯ ಊಟ ಮುಗಿಸಿ ಹತ್ತುವ ವಿಮಾನ. 15ರ ಸಂಜೆ ಹುಬ್ಬಳ್ಳಿ ಬಿಟ್ಟವರಿಗೆ ವಿಮಾನವೂ ಇಲ್ಲ, ಬಹಳ ಸಲ ಹಣವೂ ವಾಪಸಿಲ್ಲ. ಮರಳುವಾಗಲೂ ಅಷ್ಟೇ: ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ 10ರ ರಾತ್ರಿ 8:30ಕ್ಕೆ ಹೊರಟು ಹದಿನೇಳೂವರೆ ತಾಸು ಹಾರಿದರೆ ಬೆಂಗಳೂರಿನಲ್ಲಿ 12ರ ನಸುಕಿನ 3:30. ಕರೆದೊಯ್ಯಲು ಬರುವ ಮಗನಿಗೆ ಈ ತಾರೀಖನ್ನೇ ಹೇಳಬೇಕು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ತಾಸು-ಸವಾ ತಾಸು. ಆದರೆ ಎರಡೂ ಟಿಕೆಟ್ ಬೇರೆ ಬೇರೆ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಆಗಿದ್ದರೆ ಬ್ಯಾಗ್ ತಾವೇ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಿಸಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿ ಹೊಣೆಯಲ್ಲ. ಆದ್ದರಿಂದ ನಡುವೆ ಕಡಿಮೆಯೆಂದರೂ ಆರು ತಾಸು ಬಿಡುತ್ತೇವೆ. ಮಂಜಿನ ತಿಂಗಳಾದರೆ ಹಿಂದಿನ ದಿನವೇ ಹೋಗಿ ಉಳಿಯಿರಿ ಎನ್ನುತ್ತೇವೆ. ಗದಗಿನವರು ಹುಬ್ಬಳ್ಳಿವರೆಗಿನ ರಸ್ತೆಗೆ ಒಂದೂವರೆ ತಾಸು ಸೇರಿಸಲಿ. ಹಾವೇರಿಯವರು ಹಿಂದಕ್ಕೆ ಬರುವುದಕ್ಕಿಂತ ಅಲ್ಲಿಂದಲೇ ಬೆಂಗಳೂರಿನ ರೈಲು ಹತ್ತುವುದು ಮೇಲು.

ಇದೆಲ್ಲ ಎಣಿಸಿದ ಮೇಲೆ ಬಿಳಿ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಮೂರು ಸಾಲು ಬರೆದು ಪಾಸ್‌ಪೋರ್ಟಿಗೆ ಕ್ಲಿಪ್ ಹಾಕಿ ಕೊಡಿ: ಮನೆ ಬಿಡುವ ವಾರ, ತಾರೀಖು, ಸಮಯ; ವಿಮಾನ ಹೊರಡುವ ಸಮಯ; ಇಳಿಯುವಾಗ ಅಲ್ಲಿ ಎಷ್ಟು, ನಮ್ಮಲ್ಲಿ ಎಷ್ಟು. ಗುಳಿಗೆ ನುಂಗುವವರಿಗೆ ಆ ಕೊನೆಯ ಸಾಲು ಬಹಳ ಬೇಕಾಗುತ್ತದೆ.