ಮುಟ್ಟಿದ್ರೆ ಹತ್ತುತ್ತದೆ, ಹಿಡಿದ್ರೆ ಆರ್ತದೆ

ಮೂರು ದಿನದಿಂದ ಕಿವಿಯಲ್ಲಿ ಅದೇ ಮಾತು. ‘ತಮಾ, ಅದು ಮುಟ್ಟಿದ್ರೆ ಹತ್ತುತ್ತದೆ, ಹಿಡಿದ್ರೆ ಆರ್ತದೆ.’ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಅಲೆಗಳು ನೀಲಿಯಾಗಿ ಮಿನುಗುತ್ತಿದ್ದ ರಾತ್ರಿ, ರಂಪಣಿ ಬಲೆ ಎಳೆದೆಳೆದು ಅಂಗೈ ಜಡ್ಡುಗಟ್ಟಿದ ಅಜ್ಜನೊಬ್ಬ ಹೇಳಿದ್ದು. ಕೇಳಿಸಿಕೊಂಡವನು ಬಾಟ್ಲಿಯಲ್ಲಿ ಆ ನೀರು ತುಂಬಿಕೊಂಡು ನಿಂತಿದ್ದ ಎಂಟು-ಹತ್ತು ವರ್ಷದ ಹುಡುಗ.

ಹುಡುಗ ಬಾಟ್ಲಿ ಕುಲುಕಿದ, ಹತ್ತಿತು. ಮತ್ತೆ ಕುಲುಕಿದ, ಸ್ವಲ್ಪ ಹತ್ತಿತು. ಆರೇಳು ಸಲ ಆದಮೇಲೆ ಬರೀ ಉಪ್ಪುನೀರು. ಪಕ್ಕದಲ್ಲಿ ಇನ್‌ಶರ್ಟ್ ಮಾಡಿಕೊಂಡ ಒಬ್ಬರು ‘ಅದು ಫಾಸ್ಫರಸ್’ ಎಂದು ಯಾರೂ ಕೇಳದಿದ್ದರೂ ಮೂರು ಸಲ ಹೇಳಿದರು. ಇಂಥವರು ಪ್ರತಿ ಬೀಚಿಗೂ ಒಬ್ಬರು ಇರುತ್ತಾರೆ. ರಂಜಕಕ್ಕೂ ಈ ಬೆಳಕಿಗೂ ಸಂಬಂಧವೇ ಇಲ್ಲ.

ಅದು ನೋಕ್ಟಿಲೂಕಾ ಎಂಬ ಕಡಲಿನ ಸೂಕ್ಷ್ಮಜೀವಿ. ಒಂದೇ ಜೀವಕೋಶ, ಅಗಲ ಅರ್ಧ ಮಿಲಿಮೀಟರಿನ ಆಸುಪಾಸು. ಗಾಜಿನ ಲೋಟದಲ್ಲಿ ಹಿಡಿದು ನೋಡಿದರೆ ಬೆಂದ ಸಾಬಕ್ಕಿಯ ಪುಡಿಯಂತೆ ಬರಿಗಣ್ಣಿಗೇ ಕಾಣುತ್ತದೆ. ಕೋಶದೊಳಗೆ ಹುಳಿ ರಸ ತುಂಬಿದ ದೊಡ್ಡ ಚೀಲವಿದೆ. ಅಲೆ ಮುರಿದರೆ, ಕಾಲು ತಾಗಿದರೆ, ಆ ಹುಳಿ ಬೆಳಕಿನ ಕಣಗಳಿಗೆ ನುಗ್ಗುತ್ತದೆ. ಲೂಸಿಫೆರೇಸ್ ಎಂಬ ಕಿಣ್ವ ಎಚ್ಚರವಾಗಿ, ಲೂಸಿಫೆರಿನ್ ಎಂಬ ಬೆಳಕಿನ ಇಂಧನಕ್ಕೆ ಆಮ್ಲಜನಕ ಕೂಡಿಸುತ್ತದೆ. ಮಿಂಚು ಸೆಕೆಂಡಿನ ಹತ್ತನೇ ಒಂದು ಪಾಲು, ಅಷ್ಟೇ. ಬಿಡುವು ಕೊಡದೆ ಕುಲುಕಿದರೆ ದಾಸ್ತಾನು ತೀರುತ್ತದೆ. ಬಾಟ್ಲಿಯನ್ನು ಕತ್ತಲಲ್ಲಿ ಸುಮ್ಮನೆ ಇಟ್ಟಿದ್ದರೆ ಮತ್ತೆ ಹತ್ತುತ್ತಿತ್ತು. ಆದರೆ ಆ ವಯಸ್ಸಿನ ಹುಡುಗರ ಕೈಗೆ ಸುಮ್ಮನಿರುವುದು ಗೊತ್ತಿಲ್ಲ.

ಹಿಡಿದ್ರೆ ಆರ್ತದೆ. ಅಜ್ಜ ಒಂದು ಉಸಿರಿನಲ್ಲಿ ಹೇಳಿದ್ದರ ಜೊತೆ ಜೀವರಸಾಯನಶಾಸ್ತ್ರ ನೂರು ವರ್ಷ ಗುದ್ದಾಡಿದೆ. 1880ರ ದಶಕದಲ್ಲಿ ಫ್ರಾನ್ಸಿನ ರಾಫೆಲ್ ದುಬುವಾ ಮಿನುಗುವ ಜೀರುಂಡೆಯ ಬೆಳಕಿನ ಅಂಗ ಅರೆದ. ತಣ್ಣೀರಿನಲ್ಲಿ ಅರೆದದ್ದು ಕೆಲಹೊತ್ತು ಬೆಳಗಿ ಆರಿತು: ಅಲ್ಲಿ ಲೂಸಿಫೆರಿನ್ ಖಾಲಿ, ಕಿಣ್ವ ಮಾತ್ರ ಉಳಿದಿದೆ. ಬಿಸಿನೀರಿಗೆ ಹಾಕಿದ್ದರಲ್ಲಿ ಕಿಣ್ವ ಸತ್ತಿತ್ತು, ಲೂಸಿಫೆರಿನ್ ಉಳಿದಿತ್ತು. ಆರಿಹೋದ ಆ ಎರಡನ್ನೂ ಬೆರೆಸಿದ. ಬೆಳಕು!

ನನಗೆ ಇನ್ನೂ ಹತ್ತಿರವಾದವರು ಜಪಾನಿನ ರಸಾಯನವಿಜ್ಞಾನಿ ಒಸಾಮು ಶಿಮೊಮುರಾ. 1961ರ ಬೇಸಿಗೆ, ಅಮೆರಿಕದ ಫ್ರೈಡೇ ಹಾರ್ಬರ್. ಈಕ್ವೊರಿಯಾ ಎಂಬ ಜೆಲ್ಲಿಫಿಶ್ ಹಿಡಿದು, ಬೆಳಕಿನ ಅಂಗಗಳಿರುವ ಕೊಡೆಯ ಅಂಚನ್ನಷ್ಟೇ ಕತ್ತರಿಯಿಂದ ಉಂಗುರದಂತೆ ಕತ್ತರಿಸಿ, ಬಟ್ಟೆಯಲ್ಲಿ ಹಿಂಡುವುದು. ಹಿಂಡಿದ ರಸ ಮಂಕಾಗಿ ಬೆಳಗುತ್ತದೆ, ಅಂದರೆ ಬೇಕಾದದ್ದು ಕಣ್ಣೆದುರೇ ಉರಿದುಹೋಗುತ್ತಿದೆ. ಎಲ್ಲರಂತೆ ಲೂಸಿಫೆರಿನ್ ಹುಡುಕಿ ಸೋತರು. ದೋಣಿಯಲ್ಲಿ ಒಬ್ಬರೇ ತೇಲುತ್ತ ಯೋಚಿಸಿದರಂತೆ. ಬೆಳಕು ಕೊಡುವುದು ಏನೇ ಇರಲಿ, ಅದರಲ್ಲಿ ಪ್ರೋಟೀನಿನ ಪಾಲಿದ್ದೇ ಇರುತ್ತದೆ. ಹಾಗಿದ್ದರೆ ಹುಳಿ ಹೆಚ್ಚಿಸಿ ಅದನ್ನು ತಾತ್ಕಾಲಿಕವಾಗಿ ಸುಮ್ಮನಾಗಿಸಬಹುದು. ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 4ಕ್ಕೆ ಇಳಿಸಿದಾಗ ಬೆಳಕು ನಿಂತಿತು. ಸೋಡಾದಿಂದ ಹುಳಿ ಮುರಿದಾಗ ಮಂದವಾಗಿ ಮರಳಿತು. ಕೆಲಸ ಮುಗಿಸಿ ಉಳಿದದ್ದನ್ನು ಸಿಂಕಿಗೆ ಚೆಲ್ಲಿದರೆ ಸಿಂಕಿನ ತುಂಬ ನೀಲಿ ಮಿಂಚು. ಅಕ್ವೇರಿಯಮ್ಮಿನ ಸಮುದ್ರದ ನೀರು ಉಕ್ಕಿ ಅದೇ ಸಿಂಕಿಗೆ ಬೀಳುತ್ತಿತ್ತು. ಆ ನೀರಿನ ಕ್ಯಾಲ್ಸಿಯಮ್ಮೇ ಬೆಂಕಿಕಡ್ಡಿ! ಮುಂದೆ ಹಾದಿ ಸಲೀಸು: ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ ಹಾಕಿದರೆ ಹಿಂಡುವಾಗ ಏನೂ ಉರಿಯುವುದಿಲ್ಲ. ಆ ಬೇಸಿಗೆಯಲ್ಲಿ ಸುಮಾರು 10,000 ಜೆಲ್ಲಿಫಿಶ್. ಶುದ್ಧ ಮಾಡಿ ಕೈಗೆ ಬಂದದ್ದು ಸುಮಾರು ಐದು ಮಿಲಿಗ್ರಾಂ ಈಕ್ವೊರಿನ್, ಅಂದರೆ ಆ ಬೆಳಕು ಕೊಡುವ ಪ್ರೋಟೀನು. ಜೊತೆಗೆ ಕಸದಂತೆ ಬಂದ ಹಸಿರು ಪ್ರೋಟೀನಿಗೇ 2008ರ ನೊಬೆಲ್. ಅಷ್ಟು ವರ್ಷಗಳಲ್ಲಿ ಹಿಡಿದ ಜೆಲ್ಲಿಫಿಶ್ ಎಂಟೂವರೆ ಲಕ್ಷದಷ್ಟು. ಬಲೆ ಹಿಡಿಯಲು ಹೆಂಡತಿ, ಮಕ್ಕಳೂ ಇಳಿದಿದ್ದರು. ಕಡಲಿಗೆ ಇಡೀ ಮನೆಯೇ ಇಳಿಯುವುದು ನಮ್ಮ ಕರಾವಳಿಯವರಿಗೆ ಹೊಸದಲ್ಲ.

ತಮಾಷೆ ನೋಡಿ, ಜೆಲ್ಲಿಫಿಶ್‌ನಲ್ಲಿ ಹುಳಿ ದೀಪ ಆರಿಸಿತು. ನೋಕ್ಟಿಲೂಕಾದಲ್ಲಿ ಹುಳಿಯೇ ದೀಪ ಹಚ್ಚುವುದು. ಅಂದು ರಾತ್ರಿ ಅಲ್ಲಿದ್ದ ಕಾಲೇಜು ಹುಡುಗಿಗೆ ಇದು ಗೊತ್ತಿತ್ತು. ಗೋಬಿ ಮಂಚೂರಿ ಗಾಡಿಯಿಂದ ವಿನೆಗರ್ ಬಾಟ್ಲಿ ತಂದಳು. ಹೊಸ ನೀರು ಒಂದು ಲೋಟ, ಅದಕ್ಕೆ ಅರ್ಧ ಚಮಚದಷ್ಟು ವಿನೆಗರ್. ಮಿಂಚಲಿಲ್ಲ, ಇಡೀ ಲೋಟ ಒಂದೇ ಸಮ ನೀಲಿಯಾಗಿ ನಿಂತಿತು. ಅವಳ ಮುಖ ಕಾಣುವಷ್ಟು. ಫಾಸ್ಫರಸ್ಸಿನವರೂ ಬಗ್ಗಿ ನೋಡಿದರು, ಮಾತಾಡಲಿಲ್ಲ.

‘ಅಕ್ಕಾ, ಇನ್ನೊಂದ್ಸಲ!’ ಎಂದ ಹುಡುಗ.

‘ಇದು ಮುಗೀತು ಪುಟ್ಟಾ, ವಿನೆಗರ್ ಬಿದ್ರೆ ಸತ್ತೇ ಹೋಗ್ತಾವೆ.’

ಹುಡುಗ ಅಜ್ಜನ ಕಡೆ ನೋಡಿದ. ಅಜ್ಜ ಬೀಡಿ ಹಚ್ಚುತ್ತಿದ್ದ, ‘ನಾ ಹೇಳ್ಲಿಲ್ವಾ’ ಎನ್ನುವ ಮುಖವೂ ಮಾಡಲಿಲ್ಲ. ಹುಡುಗ ತನ್ನ ಬಾಟ್ಲಿಯನ್ನು ಮತ್ತೆ ಕುಲುಕಲು ಕೈ ಎತ್ತಿದ, ಏನೆನಿಸಿತೋ, ಮೆಲ್ಲಗೆ ಮರಳಿನ ಮೇಲೆ ಇಟ್ಟ.

ಅಷ್ಟರಲ್ಲಿ ಗಾಡಿಯವನ ಕೂಗು: ‘ಓ ತಂಗೀ, ಬಾಟ್ಲಿ ಕೊಡು ಮಾರಾಯ್ತಿ, ಇಲ್ಲಿ ಗೋಬಿ ಆರ್ತದೆ!’